ಡಿಜಿಟಿ 3000 ಚೆಸ್ ಕ್ಲಾಕ್: ಕ್ಲಬ್ ಆಟಗಾರರಿಗೆ ಬೇಕಾ?

‘ಬೋರ್ಡ್, ಕ್ಲಾಕ್ ಆಟಗಾರರೇ ತರತಕ್ಕದ್ದು’ ಎಂಬ ಸಾಲು ನಮ್ಮ ಕಡೆಯ ಓಪನ್ ಟೂರ್ನಿಗಳಲ್ಲಿ ಮಾಮೂಲು. ಬೋರ್ಡು ಯಾವುದಾದರೂ ನಡೆಯುತ್ತದೆ, ಕ್ಲಾಕ್ ಹಾಗಲ್ಲ. ನೆದರ್‌ಲೆಂಡ್ಸ್‌ನ ಈ ಡಿಜಿಟಿ 3000ಕ್ಕೆ ಫಿಡೆಯ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ಮಾನ್ಯತೆ ಇದೆ. ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಲೀಪ್ ಕ್ಲಾಕ್‌ಗಿಂತ ಇದು ಬಹಳ ದುಬಾರಿ.

ಮೊದಲ ಲಾಭ ಪರದೆಯದು. ಇದೇ ಕಂಪನಿಯ ಹಿಂದಿನ ಮಾದರಿ ಡಿಜಿಟಿ 2010ರಲ್ಲಿ ಆಟದ ಬಹುಪಾಲು ಗಂಟೆ, ನಿಮಿಷ ಮಾತ್ರ ಕಾಣುತ್ತದೆ. ಇದರಲ್ಲಿ ಶುರುವಿನಿಂದಲೇ ಸೆಕೆಂಡೂ ಕಾಣುತ್ತದೆ. ಒಬ್ಬೊಬ್ಬರಿಗೆ 90 ನಿಮಿಷ, ಜೊತೆಗೆ ಪ್ರತಿ ನಡೆಗೆ 30 ಸೆಕೆಂಡು ಸೇರುವ ಆಟದಲ್ಲಿ ಇದು ಮುಖ್ಯ. ಆಟ ಆರಂಭಕ್ಕೆ ಮೊದಲು ಪರದೆ 1:30:30 ತೋರಿಸುತ್ತಿದೆಯೇ ನೋಡಿ; 1:30:00 ಇದ್ದರೆ ಮೊದಲ ನಡೆಯ 30 ಸೆಕೆಂಡು ಸೇರಿಲ್ಲ ಎಂದರ್ಥ. ಬಿಳಿ ಕಾಯಿಯವರ ಕಡೆ ಸನ್ನೆ (ನಡೆ ಮುಗಿಸಿ ಒತ್ತುವ ಲಿವರ್) ಮೇಲಿರಬೇಕು. ಅದು ಉಲ್ಟಾ ಇದ್ದರೆ, ಶುರು ಒತ್ತಿದ ಕೂಡಲೇ ಕಪ್ಪಿನವರ ಸಮಯ ಓಡತೊಡಗುತ್ತದೆ.

ಹೆಚ್ಚು ಎಡವಟ್ಟಾಗುವುದು ಸಮಯ ತಿದ್ದುವಾಗ. ಯಾರೋ ನಿಯಮಬಾಹಿರ ನಡೆ ಇಟ್ಟು ಕ್ಲಾಕ್ ಒತ್ತಿದರು ಎನ್ನಿ. ಎದುರಾಳಿಗೆ 2 ನಿಮಿಷ ಸೇರಿಸಬೇಕು. ಮೊದಲು ಕ್ಲಾಕ್ ನಿಲ್ಲಿಸಿ, ಆಮೇಲೆ ನಡುವಿನ ಶುರು/ನಿಲ್ಲಿಸು ಗುಂಡಿಯನ್ನು 3 ಸೆಕೆಂಡು ಅದುಮಿ ಹಿಡಿಯಿರಿ. ಅಂಕಿ ಮಿನುಗಿದಾಗ + ಅಥವಾ − ಒತ್ತಿ ಬದಲಿಸಿ. ಬದಲಿಸಬೇಕಿಲ್ಲದ ಅಂಕಿಗಳನ್ನೂ ಒಂದೊಂದಾಗಿ ದಾಟಿಕೊಂಡೇ ಹೋಗಬೇಕು, ನಡುವೆಯೇ ಕೈಬಿಡುವಂತಿಲ್ಲ. ಈ ಗಡಿಬಿಡಿಯಲ್ಲಿ ಸನ್ನೆಗೆ ಕೈ ತಗುಲಿದರೆ ಸರದಿಯೇ ಬದಲಾಗುತ್ತದೆ. ಮತ್ತೆ ಶುರು ಮಾಡುವ ಮುನ್ನ ಯಾರ ಕಡೆ ಸನ್ನೆ ಮೇಲಿದೆ ನೋಡಿಕೊಳ್ಳಿ. ಟೂರ್ನಿಯಲ್ಲಿ ಇದು ಆರ್ಬಿಟರ್ (ತೀರ್ಪುಗಾರ) ಕೆಲಸ, ಆಟಗಾರರು ಕೈಹಾಕಬಾರದು.

ಒಂದು ತಪ್ಪು ಕಲ್ಪನೆಯೂ ಇದೆ: ಐದು ನಿಮಿಷಕ್ಕಿಂತ ಕಡಿಮೆ ಉಳಿದರೆ ನಡೆಗಳನ್ನು ಹಾಳೆಯಲ್ಲಿ ಬರೆದಿಡಬೇಕಿಲ್ಲ ಎಂಬುದು. ಪ್ರತಿ ನಡೆಗೆ 30 ಸೆಕೆಂಡು ಸೇರುವ ಆಟದಲ್ಲಿ ಕೊನೆಯವರೆಗೂ ಬರೆಯಲೇಬೇಕು.

ಕೊರತೆಗಳೂ ಇವೆ. ಪರದೆಗೆ ಒಳಬೆಳಕಿಲ್ಲ, ಮಂಕು ದೀಪದ ಕಲ್ಯಾಣ ಮಂಟಪದಲ್ಲಿ ಓರೆಯಿಂದ ಅಂಕಿ ಓದುವುದು ಕಷ್ಟ. ಆನ್-ಆಫ್ ಸ್ವಿಚ್ ತಳದಲ್ಲಿರುವುದರಿಂದ ಎಷ್ಟೋ ಜನ ಆರಿಸುವುದನ್ನೇ ಮರೆಯುತ್ತಾರೆ. ಬೇಕಾಗುವುದು ಎರಡು ಎಎ ಸೆಲ್. ತಿಂಗಳುಗಟ್ಟಲೆ ಬಳಸದಿದ್ದರೆ ತೆಗೆದಿಡಿ, ಸೆಲ್ ಸೋರಿದರೆ ತಗಡು ತುಕ್ಕು ಹಿಡಿಯುತ್ತದೆ.

ಮನೆಯಲ್ಲಿ ಬ್ಲಿಟ್ಜ್ (ಕೆಲವೇ ನಿಮಿಷದ ಆಟ) ಆಡುವವರಿಗೆ ಇಷ್ಟು ಖರ್ಚು ದಂಡ. ಕ್ಲಾಸಿಕಲ್ (ದೀರ್ಘ ಸಮಯದ) ಟೂರ್ನಿ ನಡೆಸುವ ಕ್ಲಬ್ಬು ಮಾತ್ರ ವರ್ಷಕ್ಕೆ ನಾಲ್ಕೈದಾದರೂ ಕೂಡಿಸಿಕೊಳ್ಳಲಿ. ಹಳೆಯದನ್ನು ಕೊಳ್ಳುವುದಾದರೆ ಸನ್ನೆಯ ಎರಡೂ ತುದಿಯನ್ನು ಬೆರಳತುದಿಯಿಂದ ಮೆಲ್ಲಗೆ ಒತ್ತಿ ನೋಡಿ. ಒಂದು ಕಡೆ ಬಿಗಿಯಾಗಿದ್ದರೆ ಬೇಡ.