ಕೇಪಿನ ಕೋವಿಗೆ ರಿಟೈರ್‌ಮೆಂಟ್: ಟ್ವೆಲ್ವ್ ಬೋರ್, ಪಾಯಿಂಟ್ ಟೂಟೂ, ಏರ್ ರೈಫಲ್ ಮೂರನ್ನೂ ಹೊಡೆದು ನೋಡಿದ ಮೇಲೆ

ನಮ್ಮ ಮನೆಯ ಕೇಪಿನ ಕೋವಿಯನ್ನು ಇನ್ನು ಗುರಿ ಸ್ಪರ್ಧೆಗೆ ತಗೊಂಡು ಹೋಗುದಿಲ್ಲ ಅಂತ ಈ ವರ್ಷ ತೀರ್ಮಾನ ಮಾಡಿದೆ. ಹೆಬ್ರಿ, ಕಾರ್ಕಳ ಕಡೆ ನಮ್ಮ ಹಾಗೆ ಬೆಳೆ ರಕ್ಷಣೆ ಲೈಸೆನ್ಸಿನ ಹಳೇ ಕೋವಿ ಇಟ್ಟುಕೊಂಡ ಮನೆಗಳು ಸುಮಾರು ಉಂಟು, ತೆಂಗಿನಕಾಯಿಗೆ ಗುರಿ ಇಡುವ ಹುಚ್ಚು ಇರುವವರೂ ಉಂಟು, ಅವರೆಲ್ಲ ಕೇಳುದು ಒಂದೇ, ಇದನ್ನು ಬಿಟ್ರೆ ಮತ್ತೆ ಎಂತ ಹಿಡಿಯುದು ಅಂತ. ಮೂರು ದಾರಿಯನ್ನೂ ಹೊಡೆದು ನೋಡಿದ್ದೇನೆ, ನನಗೆ ಕಂಡದ್ದು ಬರೀತೇನೆ.

ಮೊದಲು ಹಳೆಯದ್ದು. ಒಂಟಿ ನಳಿಗೆ, ಬಾಯಿಯಿಂದ ಮದ್ದು ತುಂಬಿಸುವ ಕೋವಿ, ಅಪ್ಪನಿಗೆ 70 ದಾಟಿದ ಮೇಲೆ ನನ್ನ ಹೆಸರಿಗೆ ಬಂತು. 2016ರ ಆರ್ಮ್ಸ್ ರೂಲ್ಸಲ್ಲಿ ಅದಕ್ಕೆ ಅವಕಾಶ ಉಂಟು, ಲೈಸೆನ್ಸುದಾರರಿಗೆ 70 ವರ್ಷ ಆದ್ರೆ ಅಥವಾ ಕೋವಿ ಇಟ್ಟು 25 ವರ್ಷ ಆದ್ರೆ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳ್ಬಹುದು. ಇದರಲ್ಲಿ ಹೊಡೆಯುವ ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಅಳತೆ ನೋಡಿ ಮದ್ದು ಹಾಕಿ, ತೆಂಗಿನ ನಾರು ಉಂಡೆ ಮಾಡಿ ತುರುಕಿ, ಗುಂಡು ಇಳಿಸಿ, ಗಜದ ಕೋಲಲ್ಲಿ ಜಡಿದು, ಕೇಪು ಅಂದ್ರೆ ಬಡಿದ್ರೆ ಸಿಡಿಯುವ ಸಣ್ಣ ಲೋಹದ ಟೊಪ್ಪಿ ಕೂರಿಸಿ, ಆಮೇಲೆ ಗುರಿ. ಕೇಪಿಗೆ ಬಡಿಯುವ ಕುದುರೆ ಬಿದ್ದ ಮೇಲೆ ಒಂದು ಚೂರು ತಡೆದು ಈಡು ಹೋಗ್ತದೆ, ಎದುರಿಗೆ ಪೂರ್ತಿ ಬಿಳಿ ಹೊಗೆ, ಕಾಯಿ ಒಡೆಯಿತಾ ಇಲ್ವಾ ಅಂತ ಪಕ್ಕದಲ್ಲಿ ನಿಂತವರು ಹೇಳ್ಬೇಕು. ಜಾತ್ರೆಯಲ್ಲಿ ಸಿಡಿಸುವ ಕದೊನಿ ಮದ್ದಿನ ವಾಸನೆ ಅಂಗಿಯಲ್ಲೇ ಉಳೀತದೆ.

ಆದ್ರೆ ನಮ್ಮ ಕರಾವಳಿ ಹವೆಗೂ ಕರಿಮದ್ದಿಗೂ ಆಗಿಬರುದಿಲ್ಲ. ಮದ್ದು ಉರಿದ ಮೇಲೆ ನಳಿಗೆ ಒಳಗೆ ಉಳಿಯುವ ಮಸಿ ಗಾಳಿಯಲ್ಲಿರುವ ನೀರನ್ನು ಎಳೀತದೆ, ಹೊಡೆದ ದಿನವೇ ಕುದಿಯುವ ನೀರು ಹುಯ್ದು ತೊಳೆದು ಒಣಗಿಸಿ ಎಣ್ಣೆ ಹಾಕ್ಬೇಕು, ನಾಳೆ ಮಾಡುವ ಅಂತ ಬಿಡುವ ಹಾಗೇ ಇಲ್ಲ. ಮಳೆಗಾಲದಲ್ಲಿ ಇಷ್ಟು ಮಾಡಿದ್ರೂ ಎರಡು ದಿನ ಬಿಟ್ಟು ಬಿಳಿ ಬಟ್ಟೆ ಓಡಿಸಿದ್ರೆ ಕಂದು ಬಣ್ಣ ಹಿಡ್ಕೊಂಡೇ ಬರ್ತದೆ. ಮತ್ತೆ ಎಲೆಕ್ಷನ್ ಬಂದ್ರೆ ಕೋವಿಯನ್ನು ಪೊಲೀಸ್ ಸ್ಟೇಷನಲ್ಲಿ ಡೆಪಾಸಿಟ್ ಇಡ್ಬೇಕು, 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡೂ ಸಲ ವಾರಗಟ್ಟಲೆ ನಮ್ಮ ಕೈಯ ಎಣ್ಣೆ ಕಾಣದೆ ಕೂತಿತ್ತು. ಈಗ ಕೇಪು ಕೂರುವ ನಿಪ್ಪಲಿನ ತೂತು ಸವೆದು ದೊಡ್ಡದಾಗಿದೆ, ಈಡು ಹೋಗುವಾಗ ಗ್ಯಾಸ್ ಹಿಂದೆ ಬಂದು ಕುದುರೆಯನ್ನೇ ಎತ್ತುತ್ತದೆ, ಕೇಪಿನ ಚೂರು ಸಿಡೀತದೆ. ಕೋವಿ ರಿಪೇರಿಯವರು ನಿಪ್ಪಲ್ ಬದಲಾಯಿಸ್ಬಹುದು, ಆದ್ರೆ ನಳಿಗೆಯ ಬುಡದಲ್ಲಿ ತುಕ್ಕು ತಿಂದ ಗುಳಿಗಳಿಗೆ ಮದ್ದಿಲ್ಲ ಅಂದ್ರು. ಕಣ್ಣಿನ ಹತ್ತಿರದ ವಿಷಯ, ಪಕ್ಕದಲ್ಲಿ ಮಕ್ಕಳೂ ನಿಂತಿರ್ತಾರೆ, ಅಲ್ಲಿಗೆ ನನಗೆ ಸಾಕಾಯ್ತು.

ಬದಲಿ ಹುಡುಕುವಾಗ ಒಂದು ಕಾನೂನು ತಲೆಯಲ್ಲಿ ಇರ್ಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಕೋವಿ, ಮೊದಲು ಮೂರು ಇತ್ತು. ಹಳೆಯದನ್ನು ಮನೆಯಲ್ಲೇ ಇಟ್ಟುಕೊಳ್ಳುವ ಆಸೆ ಇದ್ರೆ ಇನ್ನೊಂದಕ್ಕೆ ಮಾತ್ರ ಜಾಗ.

ಟ್ವೆಲ್ವ್ ಬೋರ್, ಅಂದ್ರೆ ತೋಟೆ ಹಾಕುವ ಶಾಟ್‌ಗನ್, ಎಲ್ಲರೂ ಮೊದಲು ಹೇಳುವ ಹೆಸರು. ಭಾವನ ತೋಟದಲ್ಲಿ ಅವರು ಎದುರಿಗೆ ಇದ್ದಾಗಲೇ ಅವರದ್ದರಲ್ಲಿ ಹೊಡೆದೆ. ಕೈಗೆ ಬಂದ ತೂಕ, ಭುಜಕ್ಕೆ ಕೂರುವ ರೀತಿ ಎಲ್ಲ ಹಳೇ ಕೋವಿಯ ಹಾಗೇ, ತೋಟೆ ಹಾಕಿ ಮುಚ್ಚಿದ್ರೆ ಆಯ್ತು, ತುಕ್ಕಿನ ರಗಳೆ ಅಷ್ಟಿಲ್ಲ. ತೋಟದ ಕೆಲಸಕ್ಕೆ ಇದಕ್ಕಿಂತ ಒಳ್ಳೇದು ಬೇಡ. ಗುರಿ ಸ್ಪರ್ಧೆಗೆ ನನಗೆ ಒಗ್ಗಲಿಲ್ಲ. ಎಲ್‌ಜಿ ತೋಟೆಯಲ್ಲಿ, ಅಂದ್ರೆ ಒಂದೇ ತೋಟೆಗೆ ಹಲವು ದಪ್ಪ ಗುಂಡು ತುಂಬಿದ್ದರಲ್ಲಿ, ಗುಂಡುಗಳು ಹರಡ್ತವೆ, ಅದರಲ್ಲಿ ಒಂದು ತಾಗಿದ್ರೂ ಕಾಯಿ ಬೀಳ್ತದೆ, ನಾನು ಸರಿ ಹಿಡಿದೆನಾ ತಪ್ಪು ಹಿಡಿದೆನಾ ಅಂತ ಕಾಯಿ ಹೇಳುದಿಲ್ಲ. ಒದೆತವೂ ಜೋರು, ಸ್ವಲ್ಪ ಹೊತ್ತು ಹೊಡೆದ್ರೆ ಟ್ರಿಗರ್ ಎಳೆಯುವ ಮೊದಲೇ ಭುಜ ಹೆದರ್ತದೆ.

ಪಾಯಿಂಟ್ ಟೂಟೂ (.22) ರೈಫಲ್, ಸಣ್ಣ ಒಂಟಿ ಗುಂಡಿನ ತೋಟೆಯದ್ದು, ಬೇರೆಯೇ ಲೋಕ. ಇದನ್ನು ರೇಂಜಲ್ಲಿ ಮಲಗಿ ಹೊಡೆದದ್ದು, 50 ಮೀಟರ್. ಅಂತರರಾಷ್ಟ್ರೀಯ ಟಾರ್ಗೆಟಲ್ಲಿ ಈ ದೂರಕ್ಕೆ ಹತ್ತು ಅಂಕದ ನಡು ವೃತ್ತದ ಅಗಲ ಬರೀ 10.4 ಮಿಲಿಮೀಟರ್, ಹೆಬ್ಬೆರಳಿನ ಉಗುರಿಗಿಂತ ಸಣ್ಣದು, ಒಳ್ಳೇ ರೈಫಲ್ ಅದರೊಳಗೆ ಒಂದರ ಮೇಲೊಂದು ಗುಂಡು ಇಡ್ತದೆ. ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸಲ್ಲಿ ಕಂಚು ತಂದದ್ದು ಇದೇ 50 ಮೀಟರ್ ರೈಫಲ್ ತ್ರೀ ಪೊಸಿಷನಲ್ಲಿ, ಅಂದ್ರೆ ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆಯಲ್ಲಿ. ಒದೆತ ಇಲ್ಲವೇ ಇಲ್ಲ ಅನ್ಬೇಕು, ಹೊಗೆ ಇಲ್ಲ, ತಪ್ಪಿದ್ರೆ ಎಷ್ಟು ತಪ್ಪಿತು ಅಂತ ಪೇಪರಲ್ಲಿ ತೂತು ತೋರಿಸ್ತದೆ. ನಿಖರತೆ ಒಂದೇ ನೋಡುವುದಾದ್ರೆ ಉಳಿದ ಎರಡಕ್ಕೂ ಇದರ ಹತ್ತಿರ ಬರ್ಲಿಕ್ಕೆ ಆಗುದಿಲ್ಲ, ಅದರಲ್ಲಿ ಚರ್ಚೆಯೇ ಇಲ್ಲ. ಆದ್ರೆ ತೋಟೆ ಎಷ್ಟು ತಗೊಳ್ಬಹುದು ಅಂತ ಲೈಸೆನ್ಸಲ್ಲೇ ಬರೆದಿರ್ತದೆ, ಹೊಡೆಯುವುದು ರೇಂಜಲ್ಲಿ ಮಾತ್ರ, ಹಳ್ಳಿಯಿಂದ ಹೋಗಿ ಬರುವಾಗ ಒಂದು ದಿನ ಮುಗೀತದೆ. ತೋಟದ ಕೆಲಸ ಇರುವವನಿಗೆ ವಾರಕ್ಕೊಮ್ಮೆಯೂ ಕಷ್ಟ, ವಾರಕ್ಕೊಮ್ಮೆ ಹೊಡೆದ್ರೆ ಕೈ ಕೂರುದಿಲ್ಲ.

ಏರ್ ರೈಫಲನ್ನು ನಾನು ಲಿಸ್ಟಿಗೇ ಸೇರಿಸಿರಲಿಲ್ಲ, ತಂಗಿಯ ಮಗ ಕಾಲೇಜಿನ ಪ್ರಾಕ್ಟೀಸಿಗೆ ತಂದದ್ದು ಚಾವಡಿಯಲ್ಲಿ ಇತ್ತು. ಸ್ಪ್ರಿಂಗಿನದ್ದು, ನಳಿಗೆ ಮಡಚಿ ಲೋಡ್ ಮಾಡುವಂಥದ್ದು, 4.5 ಮಿಲಿಮೀಟರ್ ಪೆಲೆಟ್, 20 ಜೂಲ್ ಒಳಗಿನದ್ದು ಆದ್ರಿಂದ ಲೈಸೆನ್ಸ್ ಬೇಡ, ಎರಡು ಕೋವಿಯ ಲೆಕ್ಕಕ್ಕೂ ಬರುದಿಲ್ಲ. ಅವನು ಹೊಡೆದ್ರೆ ಪೆಲೆಟ್ ಟಾರ್ಗೆಟಿನ ಮೂಲೆ ಮೂಲೆಗೆ, ನಾನು ಹೊಡೆದ್ರೆ ಎಲ್ಲ ಒಂದೇ ಕಡೆ ಗುಂಪಾಗಿ ಬೀಳ್ತಿತ್ತು. ಅವನ ಕಣ್ಣು ನನ್ನದಕ್ಕಿಂತ ಚುರುಕು, ಕೈಯೂ ಗಟ್ಟಿ. ಮತ್ತೆ ಹೀಗೆ ಯಾಕೆ ಅಂತ ಇಬ್ಬರೂ ಕೂತು ನೋಡಿದೆವು.

ಕಾರಣ ಕೇಪಿನ ಕೋವಿ. ಸ್ಪ್ರಿಂಗ್ ರೈಫಲಲ್ಲಿ ಟ್ರಿಗರ್ ಎಳೆದ ಕೂಡಲೇ ಪೆಲೆಟ್ ಹೊರಗೆ ಬರುದಿಲ್ಲ, ಮೊದಲು ಒಳಗಿನ ಪಿಸ್ಟನ್ ಮುಂದೆ ಓಡ್ತದೆ, ರೈಫಲ್ ಹಿಂದೆ ಬರ್ತದೆ, ಪಿಸ್ಟನ್ ಕೊನೆ ಮುಟ್ಟುವಾಗ ರೈಫಲ್ ಮುಂದೆ ಎಳೀತದೆ, ಈ ಗಲಾಟೆ ನಡೆಯುವಾಗ ಪೆಲೆಟ್ ಇನ್ನೂ ನಳಿಗೆ ಒಳಗೇ ಇರ್ತದೆ. ಆ ಹೊತ್ತಿಗೆ ತಲೆ ಎತ್ತಿದ್ರೆ, ಬಿಗಿ ಹಿಡಿದ್ರೆ, ಎಲ್ಲಿ ಬಿತ್ತು ಅಂತ ನೋಡ್ಲಿಕ್ಕೆ ಹೊರಟ್ರೆ ಮುಗೀತು. ಕೇಪಿನ ಕೋವಿಯಲ್ಲೂ ಹಾಗೇ ಅಲ್ವಾ, ಕುದುರೆ ಬಿದ್ದು, ಕೇಪು ಉರಿದು, ಬೆಂಕಿ ನಿಪ್ಪಲಿನಿಂದ ಇಳಿದು, ಮದ್ದು ಹೊತ್ತಿ ಗುಂಡು ಹೊರಡುವ ತನಕ ಅಲುಗಾಡದೆ ಕಾಯ್ಬೇಕು, ಹವೆ ತಂಪಿದ್ದ ದಿನ ಇನ್ನೂ ಜಾಸ್ತಿ ಕಾಯ್ಬೇಕು. ಹೊಗೆ ಇಳಿಯುವವರೆಗೆ ಕೆನ್ನೆಯನ್ನು ಬಟ್ಟಿನಿಂದ, ಅಂದ್ರೆ ಕೋವಿಯ ಹಿಂದಿನ ಮರದ ಭಾಗದಿಂದ, ತೆಗೀಬೇಡ ಅಂತ ಅಪ್ಪ ಹೇಳಿಕೊಟ್ಟದ್ದು ನನ್ನ ಮೈಗೆ ಅಂಟಿಹೋಗಿದೆ. ಪಾಯಿಂಟ್ ಟೂಟೂನಲ್ಲಿ ಗುಂಡು ಸೆಕೆಂಡಿಗೆ ಮುನ್ನೂರು ಮೀಟರ್ ಮೇಲೆ ಓಡ್ತದೆ, ಈ ಅಭ್ಯಾಸ ಇಲ್ಲದಿದ್ರೂ ಸುಮಾರು ಮಟ್ಟಿಗೆ ಕ್ಷಮಿಸ್ತದೆ. ಹಾಗಾಗಿ ನೋಡ್ಲಿಕ್ಕೆ ಹಳೇ ಕೋವಿಯ ತಮ್ಮ ಟ್ವೆಲ್ವ್ ಬೋರ್ ಆದ್ರೂ ಹೊಡೆಯುವ ಕ್ರಮದಲ್ಲಿ ಅದರ ಹತ್ತಿರ ಬರುವುದು ಈ ಏರ್ ರೈಫಲೇ, ಅಪ್ಪನಿಂದ ಕಲಿತದ್ದು ಪೂರ್ತಿ ಕೆಲಸಕ್ಕೆ ಬರುದು ಇದರಲ್ಲಿ.

ಕಮ್ಮಿ ದೂರ ಅಂತ ಸಸಾರ ಮಾಡುವವರು 10 ಮೀಟರ್ ಟಾರ್ಗೆಟನ್ನು ಒಮ್ಮೆ ಹತ್ತಿರದಿಂದ ನೋಡ್ಬೇಕು. ಹೊರಗಿನ ವೃತ್ತ 45.5 ಮಿಲಿಮೀಟರ್, ನಡುವಿನ ಹತ್ತು ಅಂದ್ರೆ ಅರ್ಧ ಮಿಲಿಮೀಟರಿನ ಚುಕ್ಕೆ, ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಲ್ಲಿ ಚಿನ್ನ ಗೆದ್ದದ್ದು ಆ ಚುಕ್ಕೆಗೆ ಹೊಡೆದು. ಅಲ್ಲಿ ಬಳಸುವುದು ಸ್ಪ್ರಿಂಗ್ ಅಲ್ಲ, ಸಿಲಿಂಡರಲ್ಲಿ ತುಂಬಿಸಿದ ಗಾಳಿಯ ರೈಫಲ್, ಅದರಲ್ಲಿ ಒದೆತವೇ ಗೊತ್ತಾಗುದಿಲ್ಲ, ಬೆಲೆ ಮಾತ್ರ ಬೈಕಿನ ಬೆಲೆಯನ್ನೂ ಮೀರ್ತದೆ. ನಮ್ಮಂಥವರಿಗೆ ಓಪನ್ ಸೈಟಿನ, ಅಂದ್ರೆ ನಳಿಗೆ ಮೇಲಿನ ಕಚ್ಚು ಮತ್ತು ಮೊನೆ ನೋಡಿ ಗುರಿ ಹಿಡಿಯುವ, ಸ್ಪ್ರಿಂಗ್ ರೈಫಲ್ ಸಾಕು, ನಮ್ಮ ದೇಶದ ಸ್ಪರ್ಧೆಗಳಲ್ಲಿ ಓಪನ್ ಸೈಟ್ ವಿಭಾಗವೇ ಬೇರೆ ಉಂಟು.

ಒಂದು ಮಾತ್ರ ಇದರಲ್ಲಿ ಸಿಗುದಿಲ್ಲ, ಅದನ್ನು ಮುಚ್ಚಿಡುದಿಲ್ಲ. ಸದ್ದು, ಹೊಗೆ, ಕಾಯಿ ಒಡೆದು ನೀರು ಹಾರುವಾಗ ಸುತ್ತ ನಿಂತ ಜನ ಹೋ ಅನ್ನುವುದು. ಪೆಲೆಟ್ ಪೇಪರಿಗೆ ತಾಗುವ ಟಕ್ ಸದ್ದಿಗೆ ಯಾರೂ ಚಪ್ಪಾಳೆ ಹೊಡೆಯುದಿಲ್ಲ. ಆ ಸಂಭ್ರಮವೇ ಮುಖ್ಯ ಅನ್ನುವವರು ಟ್ವೆಲ್ವ್ ಬೋರನ್ನೇ ತಗೊಳ್ಳಿ, ರೇಂಜ್ ಹತ್ತಿರ ಇದ್ದು ಸಮಯ ಇರುವವರು ಪಾಯಿಂಟ್ ಟೂಟೂ. ನಾನು ಏರ್ ರೈಫಲ್ ತಗೊಂಡೆ, ಹಳೇ ಕೋವಿ ಲೈಸೆನ್ಸಲ್ಲಿ ಹಾಗೇ ಮುಂದುವರೀತದೆ, ಮದ್ದು ಮಾತ್ರ ಹಾಕುದಿಲ್ಲ.

ತಗೊಳ್ಳುವವರು ಸ್ಪೀಡ್ ನೋಡಿ ಮರುಳಾಗ್ಬೇಡಿ, ಜೋರು ಸ್ಪ್ರಿಂಗ್ ಇದ್ದಷ್ಟು ಒದೆತ ಜಾಸ್ತಿ, 10 ಮೀಟರಿಗೆ ಅದು ಬೇಕಾಗಿಯೇ ಇಲ್ಲ. ತೂಕ ಸ್ವಲ್ಪ ಇರ್ಲಿ, ಟ್ರಿಗರ್ ಎಳೆದು ನೋಡಿ ತಗೊಳ್ಳಿ. ಪೆಲೆಟ್ ಬೇರೆ ಬೇರೆ ಕಂಪೆನಿಯದ್ದು ಒಂದೊಂದು ಡಬ್ಬಿ ತಂದು ನಿಮ್ಮ ರೈಫಲಿಗೆ ಯಾವುದು ಗುಂಪಾಗಿ ಬೀಳ್ತದೆ ಅಂತ ಪರೀಕ್ಷೆ ಮಾಡಿ, ಚಪ್ಪಟೆ ಮೂತಿಯದ್ದಾದ್ರೆ ಪೇಪರಲ್ಲಿ ತೂತು ಉರುಟಾಗಿ ಕೊರೀತದೆ, ಸ್ಕೋರ್ ಓದ್ಲಿಕ್ಕೆ ಸುಲಭ. ಹಿಂದೆ ಗಟ್ಟಿ ಪೆಲೆಟ್ ಟ್ರ್ಯಾಪ್ ಇಡದೆ, ಕಣ್ಣಿಗೆ ಕನ್ನಡಕ ಹಾಕದೆ ಚಾವಡಿಯಲ್ಲಿ ಹೊಡೆಯುವ ಕೆಲಸ ಬೇಡ.