‘ಫೀಸ್ ಇಲ್ಲ’ ಅನ್ನುವ ಬ್ಲಾಕ್‌ಚೈನ್ ಗೇಮಿಗೆ ಟೋಕನ್ ಸ್ಟೇಕ್ ಮಾಡುವ ಮುಂಚೆ ಇದನ್ನು ಓದಿ

“ಗ್ಯಾಸ್ ಫೀಸ್ ಇಲ್ಲವೇ ಇಲ್ಲ. ಒಂದು ಸಲ ಸ್ವಲ್ಪ ಟೋಕನ್ ಸ್ಟೇಕ್ ಮಾಡಿಬಿಡಿ, ಆಮೇಲೆ ಎಷ್ಟು ಬೇಕೋ ಅಷ್ಟು ಆಡಿ. ಟೋಕನ್ ನಿಮ್ಮದೇ, ಯಾವಾಗ ಬೇಕಾದರೂ ವಾಪಸ್ ತಗೊಳ್ಳಬಹುದು.” ಇಂಥ ಮಾತಿನ ಜೊತೆ ನಿಮಗೆ ಯಾರಾದರೂ ಗೇಮಿನ ಲಿಂಕ್ ಕಳಿಸಿದ್ದರೆ, ದುಡ್ಡು ಹಾಕುವ ಮೊದಲು ಹತ್ತು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ. ಟೋಕನ್ ಅಂದರೆ ಆ ಬ್ಲಾಕ್‌ಚೈನ್‌ನ ಕ್ರಿಪ್ಟೋ ನಾಣ್ಯ, ಸ್ಟೇಕ್ ಅಂದರೆ ಅದನ್ನು ಅಲ್ಲೇ ಕಟ್ಟಿಡುವುದು, ಗ್ಯಾಸ್ ಫೀಸ್ ಅಂದರೆ ವಹಿವಾಟಿನ ಶುಲ್ಕ. ಮೇಲಿನ ಮಾತಿನಲ್ಲಿ ಮೊದಲ ವಾಕ್ಯ ಅರ್ಧ ನಿಜ, ಕೊನೆಯದು ಸುಳ್ಳು. ನನಗೂ ನಮ್ಮ ಟೆಲಿಗ್ರಾಂ ಗುಂಪಿನವರಿಗೂ ಆದದ್ದನ್ನು ಬರೆಯುತ್ತಿದ್ದೇನೆ. ಆ ಗೇಮಿನ ಹೆಸರನ್ನಾಗಲಿ, ಆಮೇಲೆ ನಮ್ಮಿಂದ ದುಡ್ಡು ಕಿತ್ತ ಬಾಡಿಗೆ ಸೈಟಿನ ಹೆಸರನ್ನಾಗಲಿ ಬರೆಯುವುದಿಲ್ಲ. ಅದೇ ಆಟ ಹೆಸರು ಬದಲಾಯಿಸಿಕೊಂಡು ಇನ್ನೊಂದು ಕಡೆ ನಡೆಯುತ್ತಲೇ ಇರುತ್ತದೆ.

ಮೊದಲು ವ್ಯವಸ್ಥೆ ಹೇಗಿದೆ ಹೇಳಿಬಿಡುತ್ತೇನೆ. ಇಥೀರಿಯಂ ಎಂಬ ಬ್ಲಾಕ್‌ಚೈನ್‌ನಲ್ಲಿ ಪ್ರತಿ ವಹಿವಾಟಿಗೂ ಅಲ್ಲೇ ಶುಲ್ಕ ಕಟ್ಟಬೇಕು. ಇಓಎಸ್ (2025ರಿಂದ ಇದರ ಹೆಸರು ವಾಲ್ಟಾ), ವ್ಯಾಕ್ಸ್, ಹೈವ್, ಟ್ರಾನ್ ಎಂಬ ಚೈನ್‌ಗಳು ಹಿಡಿದ ದಾರಿ ಬೇರೆ. ಟೋಕನ್‌ಗಳನ್ನು ಸ್ಟೇಕ್ ಮಾಡಿ ಕಟ್ಟಿಟ್ಟರೆ, ಅದಕ್ಕೆ ತಕ್ಕಂತೆ ವಹಿವಾಟು ಮಾಡುವ ಕ್ರೆಡಿಟ್ ಸಿಗುತ್ತದೆ. ಇಓಎಸ್ ಮತ್ತು ವ್ಯಾಕ್ಸ್‌ನಲ್ಲಿ ಅದನ್ನು ಸಿಪಿಯು (ವಹಿವಾಟು ನಡೆಸಲು ಹಿಡಿಯುವ ಕಂಪ್ಯೂಟರ್ ಸಮಯ), ನೆಟ್ (ವಹಿವಾಟಿನ ಡೇಟಾ ಗಾತ್ರ) ಅನ್ನುತ್ತಾರೆ, ಹೈವ್‌ನಲ್ಲಿ ರಿಸೋರ್ಸ್ ಕ್ರೆಡಿಟ್, ಟ್ರಾನ್‌ನಲ್ಲಿ ಬ್ಯಾಂಡ್‌ವಿಡ್ತ್ ಮತ್ತು ಎನರ್ಜಿ. ಖರ್ಚಾದ ಕ್ರೆಡಿಟ್ ತಾನಾಗಿ ತುಂಬಿಕೊಳ್ಳುತ್ತದೆ. ಇಓಎಸ್ ಮಾದರಿಯಲ್ಲಿ 24 ಗಂಟೆ ಬೇಕು, ಹೈವ್‌ನಲ್ಲಿ ಪೂರ್ತಿ ಖಾಲಿಯಾದದ್ದು ತುಂಬಲು 5 ದಿನ.

ಗೇಮ್ ಮಾಡುವವರು ಇಂಥ ಚೈನ್‌ಗಳಿಗೆ ಹೋದದ್ದಕ್ಕೆ ಒಳ್ಳೆಯ ಕಾರಣವೇ ಇದೆ. ಕಾರ್ಡ್ ಇಳಿಸಿದರೆ ಒಂದು ವಹಿವಾಟು, ಗಿಡಕ್ಕೆ ನೀರು ಹಾಕಿದರೆ ಒಂದು, ಬಹುಮಾನ ಕ್ಲೇಮ್ ಮಾಡಿದರೆ ಇನ್ನೊಂದು. ಪ್ರತಿಯೊಂದಕ್ಕೂ ಶುಲ್ಕ ಬಿದ್ದರೆ ಯಾರೂ ಆಡುವುದಿಲ್ಲ. ಹೈವ್ ಮೇಲಿನ ಸ್ಪ್ಲಿಂಟರ್‌ಲ್ಯಾಂಡ್ಸ್, ವ್ಯಾಕ್ಸ್ ಮೇಲಿನ ಏಲಿಯನ್ ವರ್ಲ್ಡ್ಸ್ ಬೆಳೆದದ್ದೇ ಈ ‘ಫೀಸ್ ಇಲ್ಲ’ದ ಅನುಕೂಲದಿಂದ. ವಿಚಾರವೇ ಮೋಸ ಎಂದು ನಾನು ಹೇಳುತ್ತಿಲ್ಲ. ಅದನ್ನು ನಮ್ಮಂಥವರಿಗೆ ಮಾರುವಾಗ ಬಾಯಿ ಬಿಡದೆ ಉಳಿಸಿಕೊಂಡ ಸಂಗತಿಗಳಿವೆ, ನನ್ನ ತಕರಾರು ಅದರ ಬಗ್ಗೆ.

ನಮ್ಮದು ಇಓಎಸ್ ಮಾದರಿಯ ಚೈನ್ ಮೇಲಿನ ಒಂದು ತೋಟದ ಗೇಮ್. ಬೀಜ, ಕೊಡಲಿ, ಬುಟ್ಟಿ ಎಲ್ಲವೂ ಎನ್‌ಎಫ್‌ಟಿ, ಅಂದರೆ ಕೊಂಡು ಮಾರಬಹುದಾದ ಡಿಜಿಟಲ್ ವಸ್ತುಗಳು. ಗಂಟೆಗೊಮ್ಮೆ ಉಪಕರಣದ ಗಳಿಕೆಯನ್ನು ಕ್ಲೇಮ್ ಮಾಡಬೇಕು, ಬೆಳೆಗೆ ಹೊತ್ತಿಗೆ ಸರಿಯಾಗಿ ನೀರು ಹಾಕಬೇಕು, ತಪ್ಪಿದರೆ ಬೆಳೆ ಒಣಗುತ್ತದೆ. ಗೇಮಿನ ಗೈಡ್‌ನಲ್ಲಿ ಎಷ್ಟು ಸ್ಟೇಕ್ ಮಾಡಿ ಅಂದಿದ್ದರೋ ಅಷ್ಟನ್ನು ಸಿಪಿಯುಗೆ ಹಾಕಿದೆ. ಮೊದಮೊದಲು ಎಲ್ಲ ಚೆನ್ನಾಗಿತ್ತು. ದಿನವಿಡೀ ಕ್ಲಿಕ್ ಮಾಡಿದರೂ ವಾಲೆಟ್‌ನ ಸಿಪಿಯು ಪಟ್ಟಿ ಹಸಿರಾಗಿಯೇ ಇರುತ್ತಿತ್ತು.

ಆಮೇಲೆ ಅದೇ ಚೈನ್ ಮೇಲೆ ಇನ್ನೊಂದು ಗೇಮ್ ಬಂತು, ಜೊತೆಗೆ ಪುಕ್ಕಟೆ ಟೋಕನ್ ಹಂಚಿಕೆ. ಒಂದು ಸಂಜೆ ಗುಂಪಿನಲ್ಲಿ ಮೆಸೇಜ್ ಮೇಲೆ ಮೆಸೇಜ್. “ಅಣ್ಣಾ, ಕ್ಲೇಮ್ ಆಗ್ತಿಲ್ಲ. ಸಿಪಿಯು ನೂರಕ್ಕೆ ನೂರು ತೋರಿಸ್ತಿದೆ. ನಾನು ಬೆಳಗ್ಗೆಯಿಂದ ಮೂರೇ ಸಲ ಒತ್ತಿದ್ದು!” ನನ್ನ ಪರದೆಯ ಮೇಲೂ ಅದೇ ಕೆಂಪು ಪಟ್ಟಿ, ಕೆಳಗೆ ಒಂದು ಸಾಲು. ಬಿಲ್ ಆದ ಸಿಪಿಯು ಸಮಯ ಇಷ್ಟು ಮೈಕ್ರೋಸೆಕೆಂಡ್, ನಿಮಗೆ ಸಿಗುವ ಗರಿಷ್ಠ ಇಷ್ಟು, ಅದಕ್ಕಿಂತ ಇದು ಹೆಚ್ಚು ಅಂತ. ನಾನು ಸ್ಟೇಕ್ ಮಾಡಿದ್ದು ಒಂದು ಟೋಕನ್ನೂ ಕಡಿಮೆಯಾಗಿರಲಿಲ್ಲ. ಆದರೆ ಮೊನ್ನೆ ದಿನವಿಡೀ ಸಾಕಾಗುತ್ತಿದ್ದದ್ದು ಇವತ್ತು ಎರಡು ಮೂರು ಕ್ಲಿಕ್ಕಿಗೆ ಮುಗಿದಿತ್ತು.

ಮುಖ್ಯವಾಗಿ ತಿಳಿಯಬೇಕಾದದ್ದು ಇದೇ. ಸ್ಟೇಕ್ ಮಾಡಿದಾಗ ನಿಮಗೆ ಸಿಗುವುದು ಇಷ್ಟೇ ವಹಿವಾಟು ಎಂಬ ಲೆಕ್ಕವಲ್ಲ, ಬರೀ ಪಾಲು. ಇಓಎಸ್‌ನಲ್ಲಿ ಅರ್ಧ ಸೆಕೆಂಡಿಗೊಂದು ಬ್ಲಾಕ್ (ವಹಿವಾಟುಗಳ ಒಂದು ಕಟ್ಟು), ಒಂದು ಬ್ಲಾಕ್‌ನಲ್ಲಿ ಎಲ್ಲರ ವಹಿವಾಟಿಗೂ ಸೇರಿ 200 ಮಿಲಿಸೆಕೆಂಡ್ ಸಿಪಿಯು ಸಮಯ. ಚೈನ್ ಖಾಲಿ ಹೊಡೆಯುತ್ತಿರುವಾಗ ನಿಮ್ಮ ಪಾಲಿಗಿಂತ ಎಷ್ಟೋ ಹೆಚ್ಚು, ಲೆಕ್ಕದ ಪ್ರಕಾರ 1000 ಪಟ್ಟಿನವರೆಗೆ, ಬಳಸಲು ಬಿಡುತ್ತದೆ. ಜನ ನುಗ್ಗಿದ ಕೂಡಲೇ ಆ ಧಾರಾಳ ಕೆಲವೇ ನಿಮಿಷಗಳಲ್ಲಿ ಕರಗಿ, ನಿಮ್ಮ ನಿಜವಾದ ಪಾಲು ಮಾತ್ರ ಉಳಿಯುತ್ತದೆ. ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರು ತೂಬು ಎತ್ತದಿದ್ದಾಗ ಗದ್ದೆ ತುಂಬ ನೀರು, ಎಲ್ಲರೂ ಎತ್ತಿದ ದಿನ ಪಾಸ್‌ಪುಸ್ತಕದಲ್ಲಿ ಹಕ್ಕು ಇದ್ದರೂ ನೀರಿಲ್ಲ. ಗೇಮಿನ ಗೈಡ್‌ಗಳಲ್ಲಿ “ಇಷ್ಟು ಟೋಕನ್ ಸಾಕು” ಅಂತ ಬರೆದಿರುವುದು ಹೆಚ್ಚಾಗಿ ಆ ಖಾಲಿ ದಿನಗಳ ಅನುಭವದ ಮೇಲೆ. ಗೇಮ್ ಜನಪ್ರಿಯವಾದಷ್ಟೂ ಆ ಅಂಕಿ ಸುಳ್ಳಾಗುತ್ತ ಹೋಗುತ್ತದೆ.

ಇದು ನಮ್ಮೊಬ್ಬರ ಗೋಳಲ್ಲ, ಹಳೆಯ ಕತೆ. 2019ರ ನವೆಂಬರ್‌ನಲ್ಲಿ ಇಓಎಸ್ ಮೇಲೆ ಐಡೋಸ್ ಎಂಬ ಟೋಕನ್ ಬಂತು. ಅದರ ಕಾಂಟ್ರಾಕ್ಟ್‌ಗೆ (ಚೈನ್ ಮೇಲೆ ತಾನಾಗಿ ನಡೆಯುವ ಪ್ರೋಗ್ರಾಂಗೆ) ಒಂದಿಷ್ಟು ಇಓಎಸ್ ಕಳಿಸಿದರೆ ಅಷ್ಟನ್ನೂ ವಾಪಸ್ ಕೊಟ್ಟು, ಮೇಲೆ ಐಡೋಸ್ ಟೋಕನ್ ಕೊಡುತ್ತಿತ್ತು. ಕೈಯಿಂದ ಹೋಗುವುದು ಸಿಪಿಯು ಮಾತ್ರ. ಹಾಗಾಗಿ ದೊಡ್ಡ ಸ್ಟೇಕ್ ಇದ್ದವರು, ಸಿಪಿಯು ಬಾಡಿಗೆಗೆ ತಂದವರು ಬಾಟ್ ಹಚ್ಚಿ ರಾತ್ರಿ ಹಗಲು ಅದನ್ನೇ ಮಾಡಿದರು. ಸಣ್ಣ ಸ್ಟೇಕ್ ಇದ್ದ ಸಾಮಾನ್ಯ ಬಳಕೆದಾರ ತನ್ನದೇ ಟೋಕನ್ ಕಳಿಸಲಾರದೆ ಕೂತ. ಅದಕ್ಕೂ ಮುಂಚೆ, 2018ರ ಸೆಪ್ಟೆಂಬರ್‌ನಲ್ಲಿ ಬ್ಲಾಗ್ ಬರಹಗಳ ಸ್ಟೀಮ್ ಚೈನ್ ತನ್ನ 20ನೇ ಹಾರ್ಡ್‌ಫೋರ್ಕ್‌ನಲ್ಲಿ (ಚೈನ್‌ನ ನಿಯಮ ಬದಲಿಸುವ ಅಪ್‌ಡೇಟ್‌ನಲ್ಲಿ) ರಿಸೋರ್ಸ್ ಕ್ರೆಡಿಟ್ ಪದ್ಧತಿ ತಂದಾಗ, ಸಣ್ಣ ಖಾತೆಗಳವರಿಗೆ ಮೊದಲ ಕೆಲ ದಿನ ಒಂದು ಕಾಮೆಂಟ್ ಹಾಕುವುದೂ ಕಷ್ಟವಾಗಿತ್ತು. 2020ರಲ್ಲಿ ಸ್ಟೀಮ್‌ನಿಂದ ಕವಲೊಡೆದ ಹೈವ್‌ನಲ್ಲೂ ಅದೇ ಪದ್ಧತಿ ಮುಂದುವರಿದಿದೆ. ಖಾತೆಯಲ್ಲಿ ಹೈವ್ ಪವರ್ (ಸ್ಟೇಕ್ ಮಾಡಿದ ಹೈವ್ ಟೋಕನ್) ಕಡಿಮೆ ಇರುವ ಹೊಸ ಆಟಗಾರ ಕೆಲವು ಪಂದ್ಯಕ್ಕೇ ಖಾಲಿಯಾಗಿಬಿಡಬಹುದು.

ನಮ್ಮ ಕತೆಗೆ ಬರುತ್ತೇನೆ. ಬೆಳೆ ಒಣಗುತ್ತಿತ್ತು. ಇದರ ಸಹವಾಸ ಸಾಕು, ಸ್ಟೇಕ್ ತೆಗೆದುಬಿಡೋಣ ಅಂತ ಅನ್‌ಸ್ಟೇಕ್ ಒತ್ತಿದೆ. ಮತ್ತದೇ ಕೆಂಪು ಸಾಲು. ಅನ್‌ಸ್ಟೇಕ್ ಕೂಡ ಒಂದು ವಹಿವಾಟು, ಅದಕ್ಕೂ ಸಿಪಿಯು ಬೇಕು! ಹೋಗಲಿ, ಇನ್ನಷ್ಟು ಸ್ಟೇಕ್ ಮಾಡೋಣವೆಂದರೆ ಅದಕ್ಕೂ ಸಿಪಿಯು ಬೇಕು. ಒಳಗೆ ಹೋಗುವ ಬಾಗಿಲೂ ಹೊರಗೆ ಬರುವ ಬಾಗಿಲೂ ಒಟ್ಟಿಗೇ ಮುಚ್ಚಿತ್ತು. ನಮ್ಮ ದುಡ್ಡು ನಮ್ಮ ಕಣ್ಣೆದುರೇ ವಾಲೆಟ್‌ನಲ್ಲಿ ಕಾಣಿಸುತ್ತಿದೆ, ಅಲುಗಾಡಿಸಲು ಆಗುತ್ತಿಲ್ಲ. ಈ ಒಂದು ಮಾತನ್ನು ಗೇಮಿನವರು ತಮ್ಮ ಗೈಡ್‌ನಲ್ಲಿ ಎಲ್ಲೂ ಬರೆದಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ.

ಮಧ್ಯರಾತ್ರಿ ದಾಟಿದ ಮೇಲೆ ಹೇಗೋ ಅನ್‌ಸ್ಟೇಕ್ ಹೋಯಿತು. ಆದರೂ ಟೋಕನ್ ತಕ್ಷಣ ಕೈಗೆ ಬರುವುದಿಲ್ಲ. ಇಓಎಸ್, ವ್ಯಾಕ್ಸ್‌ನಲ್ಲಿ 3 ದಿನ ಕಾಯಬೇಕು. ಟ್ರಾನ್‌ನ ಈಗಿನ ಪದ್ಧತಿಯಲ್ಲಿ 14 ದಿನ. ಹೈವ್‌ನಲ್ಲಿ ಸ್ಟೇಕ್ ಬಿಡಿಸುವುದಕ್ಕೆ ಪವರ್ ಡೌನ್ ಅನ್ನುತ್ತಾರೆ, ಅದಕ್ಕೆ 13 ವಾರ, ವಾರಕ್ಕೊಂದು ಕಂತು. ಆಟ ನಿಂತು ಆಟಗಾರರೆಲ್ಲ ಹೊರಬರುವ ಹೊತ್ತಿನಲ್ಲೇ ಟೋಕನ್ ಬೆಲೆ ಬೀಳುವುದು. ನಮ್ಮ ಗುಂಪಿನ ಬಹಳ ಜನ ಕಳೆದುಕೊಂಡದ್ದು ಈ ಕಾಯುವ ದಿನಗಳಲ್ಲಿ. ಸಂಬಳದ ದುಡ್ಡಿನಲ್ಲಿ, ಕಾಲೇಜು ಫೀಸಿಗೆ ಇಟ್ಟ ದುಡ್ಡಿನಲ್ಲಿ ಆಡಿದವರಿದ್ದರು. ಇದರ ಮೇಲೆ ನಮ್ಮ ದೇಶದ ತೆರಿಗೆ ಬೇರೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ ಇದೆ, ಆದರೆ ಒಂದು ಟೋಕನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಸ್ಟೇಕ್‌ನಲ್ಲಿ ಹೋದದ್ದು ಹೋದಂತೆಯೇ.

ಇಷ್ಟೆಲ್ಲ ಆಗುತ್ತಿರುವಾಗ ಗುಂಪಿಗೆ ಹೊಸ ಮುಖವೊಂದು ಬಂತು. “ಸರ್, ಸಿಪಿಯು ಬಾಡಿಗೆಗೆ ಸಿಗುತ್ತೆ, 24 ಗಂಟೆಗೆ ಇಷ್ಟೇ ಟೋಕನ್.” ಬಾಡಿಗೆ ಎಂಬುದೇ ಮೋಸವಲ್ಲ. ಇಓಎಸ್‌ನಲ್ಲಿ, ವ್ಯಾಕ್ಸ್‌ನಲ್ಲಿ ಪವರ್‌ಅಪ್ ಎಂಬ ಅಧಿಕೃತ ವ್ಯವಸ್ಥೆಯೇ ಇದೆ, ಸ್ವಲ್ಪ ಟೋಕನ್ ಕೊಟ್ಟು 24 ಗಂಟೆಗೆ ಸಿಪಿಯು ತಗೊಳ್ಳಬಹುದು. ಇಓಎಸ್‌ನಲ್ಲಂತೂ 2021ರಿಂದ ಸಿಪಿಯುಗೆ ಸ್ಟೇಕ್‌ಗಿಂತ ಅದೇ ಮುಖ್ಯ ದಾರಿ. ಇವರದು ಅದಲ್ಲ. ದುಡ್ಡು ತಗೊಂಡು ನಮ್ಮ ಖಾತೆಗೆ ಚೂರು ಸ್ಟೇಕ್ ಹಾಕಿದರು. ದಟ್ಟಣೆಯ ನಡುವೆ ಅದು ಒಂದೆರಡು ಕ್ಲಿಕ್ಕಿಗೆ ಮುಗಿಯಿತು. ಕೇಳಿದರೆ ಉತ್ತರವಿಲ್ಲ. ಅದಾದ ಮೇಲೆ ‘ಸಪೋರ್ಟ್’ ಎಂಬ ಹೆಸರಿನಲ್ಲಿ ಒಬ್ಬೊಬ್ಬರಿಗೇ ಖಾಸಗಿ ಮೆಸೇಜ್. ನಿಮ್ಮ ಖಾತೆಯಲ್ಲಿ ಸಿಪಿಯು ತೂತಾಗಿದೆ, ಸರಿ ಮಾಡಲು ಆಕ್ಟಿವ್ ಕೀ (ಖಾತೆಯಿಂದ ಹಣ ಸಾಗಿಸಬಲ್ಲ ಗುಪ್ತ ಕೀ) ಕೊಡಿ ಅಂತ. ಗುಂಪಿನಲ್ಲಿದ್ದ ಒಬ್ಬ ಡಿಗ್ರಿ ಓದುವ ಹುಡುಗ, ಬೆಳೆ ಒಣಗುವ ಗಾಬರಿಯಲ್ಲಿ, ಕೊಟ್ಟುಬಿಟ್ಟ. ಅವನ ಎನ್‌ಎಫ್‌ಟಿಗಳೆಲ್ಲ ಬೇರೆ ಖಾತೆಗೆ ಹೋದವು. “ಅಣ್ಣಾ, ಮನೇಲಿ ಏನಂತ ಹೇಳ್ಲಿ” ಅಂತ ಅವನು ಫೋನಿನಲ್ಲಿ ಕೇಳಿದ. ಅವನ ತಪ್ಪೆಂದು ನಾನು ಒಪ್ಪುವುದಿಲ್ಲ. ಗಾಬರಿ ಹುಟ್ಟಿಸುವಂತೆ ಕಟ್ಟಿದ ಆಟ, ಗಾಬರಿಯವರನ್ನೇ ಹುಡುಕಿಕೊಂಡು ಬಂದ ಕಳ್ಳರು.

ನಿಮ್ಮ ಖಾತೆಗೆ ಸಿಪಿಯು ಕೊಡಲು ಬೇರೆಯವರಿಗೆ ಬೇಕಾದದ್ದು ಖಾತೆಯ ಹೆಸರೊಂದೇ. ಯಾವ ಕೀ ಕೂಡ ಬೇಕಿಲ್ಲ, ವಾಲೆಟ್ ಮರಳಿ ತೆರೆಯಲು ಕೊಡುವ ಹನ್ನೆರಡು ಗುಪ್ತ ಪದಗಳೂ ಬೇಕಿಲ್ಲ. ಹೈವ್‌ನಲ್ಲೂ ಅಷ್ಟೇ. ಪೋಸ್ಟಿಂಗ್ ಕೀ ಬೇರೆ, ಹಣ ಸಾಗಿಸುವ ಆಕ್ಟಿವ್ ಕೀ ಬೇರೆ, ಖಾತೆಯನ್ನೇ ಬದಲಿಸಬಲ್ಲ ಓನರ್ ಕೀ ಬೇರೆ. ಕ್ರೆಡಿಟ್ ಕೊಡುತ್ತೇವೆ ಅಂದವರು ಕೀ ಕೇಳಿದ ಕ್ಷಣವೇ ಬ್ಲಾಕ್ ಮಾಡಿ. ಟ್ರಾನ್‌ನಲ್ಲಿ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಕಳಿಸುವವರೂ ಗಮನಿಸಿ. ಒಂದು ಸಲ ಕಳಿಸಲು ಸುಮಾರು 65,000 ಎನರ್ಜಿ ಬೇಕು, ಪಡೆಯುವವರ ಖಾತೆಯಲ್ಲಿ ಮೊದಲೇ ಯುಎಸ್‌ಡಿಟಿ ಇಲ್ಲದಿದ್ದರೆ ಅದರ ಎರಡರಷ್ಟು. ಎನರ್ಜಿ ಇಲ್ಲದಿದ್ದರೆ ನಿಮ್ಮ ಟಿಆರ್‌ಎಕ್ಸ್ (ಟ್ರಾನ್‌ನ ಟೋಕನ್) ಶುಲ್ಕವಾಗಿ ಸುಟ್ಟುಹೋಗುತ್ತದೆ. ಅಲ್ಲೂ ಟೆಲಿಗ್ರಾಂನಲ್ಲಿ ಎನರ್ಜಿ ಬಾಡಿಗೆಯವರು ಗುಂಪುಗುಂಪಾಗಿ ಇದ್ದಾರೆ.

ಗೇಮಿನವರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ನಮ್ಮ ಸಿಪಿಯು ಖರ್ಚನ್ನು ನೀವೇ ಯಾಕೆ ಹೊರುತ್ತಿಲ್ಲ? 2019ರಿಂದಲೇ ಇಓಎಸ್ ಮಾದರಿಯ ಚೈನ್‌ಗಳಲ್ಲಿ ಆಟಗಾರನ ವಹಿವಾಟಿಗೆ ಗೇಮಿನವರೂ ಸಹಿ ಹಾಕಿ, ಸಿಪಿಯು ಬಿಲ್ ತಮ್ಮ ಖಾತೆಗೆ ಬೀಳುವಂತೆ ಮಾಡಬಹುದು. ಹೈವ್‌ನಲ್ಲಿ 2022ರ ಹಾರ್ಡ್‌ಫೋರ್ಕ್ ನಂತರ ಹೈವ್ ಪವರ್ ಕೊಡದೆ ಬರೀ ರಿಸೋರ್ಸ್ ಕ್ರೆಡಿಟ್ ಅನ್ನು ಇನ್ನೊಬ್ಬರಿಗೆ ವಹಿಸಿಕೊಡಬಹುದು. ದಾರಿ ಇದ್ದೂ ಹಾಗೆ ಮಾಡದ ಗೇಮ್, ತನ್ನ ಸರ್ವರ್ ಖರ್ಚನ್ನು ನಿಮ್ಮ ಜೇಬಿನ ಮೇಲೆ ಹಾಕುತ್ತಿದೆ ಎಂದೇ ತಿಳಿಯಿರಿ. ಹೊತ್ತಿಗೆ ಸರಿಯಾಗಿ ಕ್ಲಿಕ್ ಮಾಡದಿದ್ದರೆ ದಂಡ ಹಾಕುವ ಗೇಮ್ ಆಗಿದ್ದರಂತೂ ನನ್ನ ಸಲಹೆ ನೇರ: ಬೇಡ.

ಈಗಾಗಲೇ ಸಿಕ್ಕಿಕೊಂಡಿದ್ದರೆ ಹೀಗೆ ಮಾಡಿ. ನಂಬಿಕಸ್ಥ ಸ್ನೇಹಿತರಿಗೆ ಖಾತೆಯ ಹೆಸರು ಕೊಟ್ಟು ಪವರ್‌ಅಪ್ ಮಾಡಲು ಅಥವಾ ಸಿಪಿಯು ಸ್ಟೇಕ್ ಹಾಕಲು ಹೇಳಿ. ಸ್ಟೇಕ್ ಹಾಕುವ ಸ್ನೇಹಿತರು ‘ಟ್ರಾನ್ಸ್‌ಫರ್’ ಎಂಬ ಗುರುತನ್ನು ಒತ್ತಬಾರದು, ಒತ್ತಿದರೆ ಅವರ ಟೋಕನ್ ಶಾಶ್ವತವಾಗಿ ನಿಮ್ಮದಾಗುತ್ತದೆ. ಸಿಪಿಯು ಬಂದ ಕೂಡಲೇ ಆಟಕ್ಕೆ ಹೋಗದೆ ಮೊದಲು ಅನ್‌ಸ್ಟೇಕ್ ಕಳಿಸಿ, ಬೇಕಾದಷ್ಟನ್ನು ಒಂದೇ ಸಲಕ್ಕೆ. ನಡುವೆ ಇನ್ನೊಮ್ಮೆ ಅನ್‌ಸ್ಟೇಕ್ ಒತ್ತಿದರೆ ಹಳೆಯದೂ ಅದರ ಜೊತೆ ಸೇರಿ 3 ದಿನದ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಅವಧಿ ಮುಗಿದರೂ ಟೋಕನ್ ಖಾತೆಗೆ ಬಾರದಿದ್ದರೆ ಹೆದರಬೇಡಿ. ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ (ಚೈನ್‌ನ ಖಾತೆ, ವಹಿವಾಟು ತೋರಿಸುವ ಸೈಟಿನಲ್ಲಿ) ನಿಮ್ಮ ಖಾತೆ ತೆರೆದು ‘ರೀಫಂಡ್’ ಎಂಬುದನ್ನು ನೀವೇ ಒತ್ತಬೇಕಾಗುತ್ತದೆ. ಅದಕ್ಕೂ ಒಂದಿಷ್ಟು ಸಿಪಿಯು ಬೇಕು, ಸ್ನೇಹಿತರಿಗೆ ಮೊದಲೇ ಹೇಳಿಟ್ಟಿರಿ.