ಜಿಮ್ ಹುಡುಗನ ಎದೆನೋವಿಗೆ ಮೊದಲು ಯಾವ ಇಂಜೆಕ್ಷನ್?

ಕಲಬುರಗಿಯ ಕ್ಯಾಶುವಲ್ಟಿಯಲ್ಲಿ ರಾತ್ರಿ ಡ್ಯೂಟಿ ಮಾಡುವವರಿಗೆ ಇಂಥ ಕೇಸ್ ಹೊಸದಲ್ಲ. ಕಟ್ಟುಮಸ್ತಾದ ಹುಡುಗ, ಎದೆ ಹಿಡ್ಕೊಂಡು ಬಂದಿರುತ್ತಾನೆ. ನಾಡಿ 140, ಮೈಯೆಲ್ಲ ಬೆವರು. ಅಪ್ಪನನ್ನು ಹೊರಗೆ ಕಳಿಸಿ, "ಏನರೆ ತಗೊಂಡಿಯೇನೋ ತಮ್ಮಾ?" ಅಂದರೆ ಮೊದಲು "ಏನಿಲ್ರೀ ಸರ್". ಆಮೇಲೆ ಮೆಲ್ಲಗೆ ಹೊರಬರುತ್ತದೆ: ನಶೆಗೆ ಚುಚ್ಚಿಕೊಂಡ ಮೆಫೆಂಟರ್ಮಿನ್. ಆಪರೇಶನ್‌ಗೆ ಬೆನ್ನಿಗೆ ಅರಿವಳಿಕೆ (ಸ್ಪೈನಲ್) ಕೊಟ್ಟಾಗ ಬಿದ್ದ ಬಿಪಿ ಎತ್ತುವ ಮದ್ದು ಅದು. ಜಿಮ್‌ಗೆ ಅದ್ಯಾಕೆ ಬಂತೋ!

ಆಸ್ಪಿರಿನ್ ಅಂತೂ ಕೊಡಲೇಬೇಕು. ನಾಡಿ, ಬಿಪಿ ಇಳಿಸಲು ಏನು ಅನ್ನೋದೇ ಪ್ರಶ್ನೆ.

ಕೈ ಮೊದಲು ಹೋಗುವುದು ನಾಡಿ ಇಳಿಸುವ ಬೀಟಾ ಬ್ಲಾಕರ್ ಮದ್ದು ಮೆಟೊಪ್ರೊಲಾಲ್ ಕಡೆಗೆ. ಬೇರೆ ಹಾರ್ಟ್ ಅಟ್ಯಾಕ್‌ಗಳಲ್ಲಿ ನನಗೂ ಇಷ್ಟದ ಮದ್ದು. ಇಲ್ಲಿ ಮಾತ್ರ ಬೇಡ. ಇಂಥ ನಶೆ ಮೈಮೇಲೆ ಕೆಲಸ ಮಾಡುವುದು ಎರಡು ಬಾಗಿಲಿಂದ: ಹೃದಯ ಓಡಿಸುವ ಬೀಟಾ, ರಕ್ತನಾಳ ಬಿಗಿಯುವ ಆಲ್ಫಾ. ಅದು ಬೀಟಾ ಬಾಗಿಲು ಮುಚ್ಚುತ್ತದೆ, ಆಲ್ಫಾ ತೆರೆದೇ ಇರುತ್ತದೆ. ನಶೆಯ ಜೋರೆಲ್ಲ ಅಲ್ಲಿ ನುಗ್ಗಿ ರಕ್ತನಾಳ ಇನ್ನಷ್ಟು ಬಿಗಿಯುತ್ತದೆ. ಕೊಕೇನ್ ಜೊತೆ ಇದೇ ಗುಂಪಿನ ಪ್ರೊಪ್ರನೊಲಾಲ್ ಕೊಟ್ಟಾಗ ಹೃದಯದ ರಕ್ತದ ಹರಿವು ತಗ್ಗಿದ್ದನ್ನು 1990ರಲ್ಲೇ ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ನಂತರದ ಕೆಲವು ಅಧ್ಯಯನಗಳಲ್ಲಿ ಅಷ್ಟು ಹಾನಿ ಕಂಡಿಲ್ಲ, ನಿಜ. ಆದರೂ ಅಮೆರಿಕದ 2014ರ ಮಾರ್ಗಸೂಚಿ, ನಶೆ ಇಳಿಯುವ ತನಕ ಬೀಟಾ ಬ್ಲಾಕರ್ ಬೇಡ ಎಂದೇ ಹೇಳಿತು.

ಲ್ಯಾಬೆಟಲಾಲ್ ಎರಡನ್ನೂ ಮುಚ್ಚುತ್ತದಲ್ವಾ ಅಂತ ಜೂನಿಯರ್‌ಗಳು ಕೇಳುತ್ತಾರೆ. ಮುಚ್ಚುತ್ತದೆ, ಆದರೆ ರಕ್ತನಾಳಕ್ಕೆ ಚುಚ್ಚಿ ಕೊಟ್ಟಾಗ ಬೀಟಾ ಕೆಲಸ ಸುಮಾರು 7 ಪಾಲು, ಆಲ್ಫಾ 1 ಪಾಲು. ರಕ್ತನಾಳ ಸಡಿಲಿಸುವ ನೈಟ್ರೊಗ್ಲಿಸರಿನ್ ಡ್ರಿಪ್ ಹಚ್ಚಿದ ಮೇಲೂ ಬಿಪಿ ಬಗ್ಗದಿದ್ದರೆ ಮಾತ್ರ ನಾನು ಇದನ್ನು ಮುಟ್ಟುತ್ತೇನೆ.

ನನ್ನ ಓಟು ಮಿದುಳನ್ನು ಶಾಂತಗೊಳಿಸುವ ಲೊರಾಜೆಪಾಮ್‌ಗೆ. ಒಂದೆರಡು ಮಿ.ಗ್ರಾಂ ನಿಧಾನಕ್ಕೆ ಕೊಟ್ಟು ಮಾನಿಟರ್ ನೋಡ್ತಾ ನಿಲ್ಲಿ. ಮೊದಲು ಹುಡುಗನ ಚಡಪಡಿಕೆ ನಿಲ್ಲುತ್ತದೆ, ಹಿಂದೆಯೇ ನಾಡಿ ಇಳಿಯುತ್ತದೆ. ನಶೆ ಮಿದುಳಿನಿಂದಲೇ ಓಡಿಸುತ್ತಿರುವಾಗ ಬರೀ ಹೃದಯ ಹಿಡಿದರೆ ಸಾಲದು. ಕುಡಿದು ಬಂದಿದ್ದರೆ ಮಾತ್ರ ಉಸಿರಾಟದ ಮೇಲೆ ಕಣ್ಣಿಡಬೇಕು. ಇದಕ್ಕೆ ಜೊತೆ ನೈಟ್ರೊಗ್ಲಿಸರಿನ್. ವಯಾಗ್ರಾದಂಥ ಮಾತ್ರೆ ನುಂಗಿದ್ದಾನಾ ಅಂತ ಕೇಳಿಯೇ ಕೊಡಿ, ಇಲ್ಲದಿದ್ದರೆ ಬಿಪಿ ದಿಢೀರ್ ಕುಸಿಯುತ್ತದೆ.

ಸೇಡಂ, ಜೇವರ್ಗಿ ಕಡೆಯವರಿಗೆ ಇನ್ನೊಂದು ಮಾತು. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡಬಹುದು. ಆದರೆ ಬಿಪಿ 180/110 ದಾಟಿದ್ದರೆ ಮಿದುಳಲ್ಲಿ ರಕ್ತಸ್ರಾವದ ಭಯ ಜಾಸ್ತಿ. ಮೊದಲು ಬಿಪಿ ಇಳಿಸಿ ಮತ್ತೊಂದು ಇಸಿಜಿ ತೆಗೆಯಿರಿ. ಬರೀ ನಾಳದ ಬಿಗಿತವಾಗಿದ್ದರೆ ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್ ಸೂಚಿಸುವ ಎಸ್‌ಟಿ ಗೆರೆ ಏರಿದ್ದು ಅಷ್ಟರಲ್ಲೇ ಇಳಿದಿರಬಹುದು. ಇಳಿಯದಿದ್ದರೆ ತಡಮಾಡದೆ ಆಂಜಿಯೋಪ್ಲಾಸ್ಟಿ ಇರುವ ಕಡೆ ಕಳಿಸಿ, ಜೊತೆಗಿನ ಚೀಟಿಯಲ್ಲಿ ಏನು ಚುಚ್ಚಿಕೊಂಡಿದ್ದ ಅನ್ನೋದನ್ನೂ ಬರೆಯಿರಿ.